ಅಡ್ಮಿಶನ್ ಫೋನಿನ ಆ ತುದಿಯಲ್ಲಿ ಯಾರಿದ್ದಾರೆ?

ಕಳೆದ ತಿಂಗಳು ದಾವಣಗೆರೆಯಿಂದ ಅಕ್ಕನ ಮಗ ವಾಟ್ಸಾಪಿನಲ್ಲಿ ಒಂದು ಬ್ರೋಷರ್ ಕಳಿಸಿದ. ಆನ್‌ಲೈನ್ ಎಂಬಿಎ. ಮೇಲೆ ದೊಡ್ಡದಾಗಿ ವಿಶ್ವವಿದ್ಯಾಲಯದ ಲಾಂಛನ, ಕೆಳಗೆ ಸಣ್ಣಕ್ಷರದಲ್ಲಿ ಯಾವುದೋ ಕಂಪನಿಯ ಹೆಸರು. "ಮಾಮ, ದಿನಾ ಫೋನ್ ಮಾಡ್ತಿದಾರೆ. ಶನಿವಾರದೊಳಗೆ ಕಟ್ಟಿದ್ರೆ ಫೀಸಲ್ಲಿ ಇಪ್ಪತ್ತು ಸಾವಿರ ಬಿಡ್ತಾರಂತೆ. ಸೇರ್ಲಾ?"

ಆರು ವರ್ಷದ ಹಿಂದೆ ಇಲ್ಲಿ ಮಿನಿಯಾಪೊಲಿಸ್‌ನಲ್ಲಿ ನಮ್ಮ ಮನೆಗೂ ಇಂಥದೇ ಫೋನು ಬರುತ್ತಿತ್ತು. ನನ್ನ ಹೆಂಡತಿಗೆ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದುವ ಆಸೆ. ಒಂದು ರಾತ್ರಿ ಮಗು ಮಲಗಿದ ಮೇಲೆ ಹೆಸರುವಾಸಿ ವಿಶ್ವವಿದ್ಯಾಲಯವೊಂದರ ಪುಟದಲ್ಲಿ ಹೆಸರು, ನಂಬರು ತುಂಬಿದಳು. ಬೆಳಿಗ್ಗೆ ಉಪ್ಪಿಟ್ಟಿನ ಬಾಣಲೆ ಒಲೆ ಮೇಲಿರುವಾಗಲೇ ಮೊದಲ ಫೋನು ಬಂತು. ಎರಡು ವಾರದಲ್ಲಿ ಹದಿನಾಲ್ಕು ಸಲ. ಶುಕ್ರವಾರವೇ ಕೊನೆಯ ದಿನ ಅಂದರು. ಶುಕ್ರವಾರ ಕಳೆದ ಮೇಲೆ, ನಿಮಗೋಸ್ಕರ ಇನ್ನೊಂದು ವಾರ ಅಂದರು. ಒಂದು ದಿನ ಇವಳು, ಲೈಬ್ರರಿ ಪುಸ್ತಕಗಳನ್ನು ಮನೆಗೆ ತರಿಸಿಕೊಳ್ಳಬಹುದಾ ಅಂತ ಕೇಳಿದಳು. ಆ ಕಡೆಯ ಹುಡುಗಿ ಸ್ವಲ್ಪ ತಡೆದು, ತಾನು ಕೂತಿರುವುದು ಬೇರೆ ರಾಜ್ಯದ ಆಫೀಸಿನಲ್ಲಿ, ಆ ಕ್ಯಾಂಪಸ್ಸನ್ನು ನೋಡಿಯೇ ಇಲ್ಲ ಅಂದಳು. ಅವಳ ಇಮೇಲ್ ವಿಳಾಸ ಮಾತ್ರ ವಿಶ್ವವಿದ್ಯಾಲಯದ್ದೇ. ಇವಳು ಫೋನಿಟ್ಟು, "ರೀ, ಇಷ್ಟು ದಿನ ನಾನು ಮಾತಾಡಿದ್ದು ಯಾರ ಹತ್ತಿರ?" ಅಂದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ತನ್ನ ಹೆಸರನ್ನು ಹಾಗೆ ಕಂಪನಿಯೊಂದಕ್ಕೆ ಎರವಲು ಕೊಟ್ಟ ವಿಶ್ವವಿದ್ಯಾಲಯದ ಮೇಲೆ ಇದೆ.

ಇಷ್ಟು ಜನರನ್ನು ಸೇರಿಸಿದರೆ ತಲೆಗೆ ಇಷ್ಟು ಅಂತ ಕಮಿಷನ್ ಕೊಡಕೂಡದು ಎಂದು ಅಮೆರಿಕ 1992ರಲ್ಲೇ ಕಾನೂನು ಮಾಡಿತ್ತು. 2011ರಲ್ಲಿ ಶಿಕ್ಷಣ ಇಲಾಖೆ ಅದಕ್ಕೆ ಒಂದು ಕಿಂಡಿ ಬಿಟ್ಟಿತು: ಜನರನ್ನು ಸೇರಿಸುವುದರ ಜೊತೆಗೆ ಪಾಠದ ತಂತ್ರಜ್ಞಾನ, ವಿದ್ಯಾರ್ಥಿಗಳಿಗೆ ನೆರವು ಇತ್ಯಾದಿ ಸೇವೆಗಳನ್ನೂ ಒಂದೇ ಗಂಟಿನಲ್ಲಿ ಕೊಡುವ ಕಂಪನಿ ಫೀಸಿನಲ್ಲಿ ಪಾಲು ತಗೊಳ್ಳಬಹುದು. ದೊಡ್ಡ ದೊಡ್ಡ ಹೆಸರುಗಳು ಆ ಕಿಂಡಿಯೊಳಗೆ ನುಗ್ಗಿದವು. ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯ ಆನ್‌ಲೈನ್ ಪದವಿ ನಡೆಸಿಕೊಡುವ ಟೂಯು ಎಂಬ ಕಂಪನಿಯ ಜೊತೆ ನಡೆಸಿದ ಸಮಾಜಕಾರ್ಯದ ಆನ್‌ಲೈನ್ ಪದವಿಯ ಖರ್ಚು ಒಂದು ಲಕ್ಷ ಡಾಲರ್ ದಾಟಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಂಪನಿಗೆ. ಸಮಾಜಕಾರ್ಯ ಓದಿದವರ ಸಂಬಳದಲ್ಲಿ ಆ ಸಾಲ ತೀರುವುದು ಯಾವಾಗ? 2023ರಲ್ಲಿ ಇಬ್ಬರೂ ಬೇರೆಯಾದರು. ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ತಾಣವನ್ನು 80 ಕೋಟಿ ಡಾಲರಿಗೆ ಕೊಂಡಿದ್ದ ಟೂಯು 2024ರಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ನಮ್ಮ ಮಿನ್ನೆಸೋಟ, ರಾಜ್ಯದ ಸರ್ಕಾರಿ ಕಾಲೇಜುಗಳು ಫೀಸಿನಲ್ಲಿ ಪಾಲು ಕೊಡುವ ಇಂಥ ಒಪ್ಪಂದಗಳನ್ನು ಮಾಡಿಕೊಳ್ಳದಂತೆ ಕಾನೂನು ತಂದಿತು. ಅಮೆರಿಕದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ನನಗೆ ನಿಜಕ್ಕೂ ಹೆಮ್ಮೆಯಾಯಿತು.

ಕಂಪನಿಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಜಾರ್ಜಿಯ ಟೆಕ್ 2014ರಲ್ಲಿ ಆನ್‌ಲೈನ್ ಕೋರ್ಸಿನ ಕಂಪನಿ ಯುಡಾಸಿಟಿ ಮತ್ತು ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಜೊತೆ ಸೇರಿಯೇ ಕಂಪ್ಯೂಟರ್ ಸೈನ್ಸ್ ಪದವಿಯನ್ನು ಆನ್‌ಲೈನಿಗೆ ತಂದದ್ದು. ಪೂರ್ತಿ ಪದವಿಗೆ 7,000 ಡಾಲರಿನ ಆಸುಪಾಸು. ನಾನು ಓದಿದ್ದು ಅಲ್ಲೇ. ಸೇರು ಅಂತ ಯಾರೂ ಒಂದು ಸಲವೂ ಫೋನ್ ಮಾಡಲಿಲ್ಲ. ಮೊದಲನೇ ಸೆಮಿಸ್ಟರಿನಲ್ಲಿ ನನ್ನ ಪ್ರೋಗ್ರಾಮಿನ ತಪ್ಪನ್ನು ಸಾಲುಸಾಲಾಗಿ ತೋರಿಸಿ ಮಾರ್ಕ್ಸ್ ಕಳೆದವರೂ ವಿಶ್ವವಿದ್ಯಾಲಯದವರೇ.

ಊರಿನ ಕಡೆ ನೋಡಿದರೆ, ಈ ಪಾಠವನ್ನು ನಾವು ಅಮೆರಿಕದಿಂದ ಕಲಿಯಬೇಕಾದ್ದೇ ಇಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತ್ತು. ನಮ್ಮ ದೊಡ್ಡಮ್ಮ ಆ ಪಾಠಗಳ ಕಟ್ಟು ಬಂದ ದಿನ ಪೋಸ್ಟ್‌ಮ್ಯಾನ್‌ಗೆ ಕಾಫಿ ಕೊಟ್ಟೇ ಕಳಿಸುತ್ತಿದ್ದರು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಮುಂದೆ ರಾಜ್ಯದಾಚೆಯ ಖಾಸಗಿ ಸಂಸ್ಥೆಗಳ ಜೊತೆ ಕೈಜೋಡಿಸಿ, ಅವರ ಮೂಲಕ ಕೋರ್ಸ್ ನಡೆಸಿತು. 2012–13ರ ನಂತರ ಮಾನ್ಯತೆಯೇ ಇಲ್ಲ ಎಂದು ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಕೇಂದ್ರದ ಆಯೋಗ ಯುಜಿಸಿ 2015ರಲ್ಲಿ ಹೇಳಿತು. ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಅತಂತ್ರರಾದವರು ಅಂಕಪಟ್ಟಿ ಹಿಡಿದು ನಿಂತ ಹುಡುಗರು. ಪದವಿಯನ್ನು ಕಂಪನಿಗಳಿಗೆ ಫ್ರಾಂಚೈಸಿ ಕೊಡುವಂತಿಲ್ಲ ಎಂದು ಯುಜಿಸಿ 2022ರಲ್ಲಿ ಎಚ್ಚರಿಸಿತು. ಅಷ್ಟೇ ಸಾಲದು. ಸೇರಿಸಿದ ಪ್ರತಿ ವಿದ್ಯಾರ್ಥಿಯ ಫೀಸಿನಲ್ಲಿ ಎಷ್ಟು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಬ್ರೋಷರಿನಲ್ಲೇ ಅಚ್ಚು ಮಾಡಿಸಬೇಕು. ವಿಶ್ವವಿದ್ಯಾಲಯಗಳಿಗೆ ತಂತ್ರಜ್ಞಾನ ಬೇಕಿದ್ದರೆ ಇಂತಿಷ್ಟು ಅಂತ ದರ ಗೊತ್ತುಮಾಡಿ ಕೊಳ್ಳಲಿ, ಪಾಲುಗಾರಿಕೆ ಬೇಡ. ಮದ್ರಾಸ್ ಐಐಟಿ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಪದವಿಯಲ್ಲಿ ಪಾಠ ಆನ್‌ಲೈನಿನಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೇ ಹೋಗಿ ಬರೆಯಬೇಕು. ನಮ್ಮ ವಿಶ್ವವಿದ್ಯಾಲಯಗಳಿಗೂ ಇದು ಆಗದ ಕೆಲಸವೇನಲ್ಲ.

ಫೋನ್ ಮಾಡುವವರನ್ನು ಕೇಳು ಅಂತ ಅಕ್ಕನ ಮಗನಿಗೆ ಎರಡು ಪ್ರಶ್ನೆ ಬರೆದು ಕಳಿಸಿದೆ. ನಿಮಗೆ ಸಂಬಳ ಕೊಡುವವರು ಯಾರು? ನನ್ನ ಉತ್ತರಪತ್ರಿಕೆ ನೋಡುವವರು ಯಾರು? ಯುಜಿಸಿಯ ಪಟ್ಟಿಯಲ್ಲಿ ಕೋರ್ಸಿನ ಹೆಸರಿದೆಯಾ ಅಂತಲೂ ನೋಡು ಅಂದೆ. ಹೆಸರು ಪಟ್ಟಿಯಲ್ಲಿದೆಯಂತೆ. ಪ್ರಶ್ನೆಗಳಿಗೆ "ಸೀನಿಯರ್ ಹತ್ರ ಕೇಳಿ ಹೇಳ್ತೀವಿ" ಅಂದವರು ವಾರವಾದರೂ ಹೇಳಿಲ್ಲ. ಶನಿವಾರ ಕಳೆದಿದೆ, ಇಪ್ಪತ್ತು ಸಾವಿರದ ರಿಯಾಯಿತಿ ಇನ್ನೂ ಇದೆಯಂತೆ. ಅವನು ದುಡ್ಡು ಕಟ್ಟಿಲ್ಲ.