ಸಗಣಿ ಬಾಚದ ಕೌಬಾಯ್

ಅಮ್ಮ ಡಲ್ಲಾಸಿಗೆ ಬಂದು ಮೂರು ವಾರ ಆಗಿತ್ತು. ಮೊದಲ ಆರು ತಿಂಗಳ ಪಾಳಿ ಅತ್ತೆಯವರದ್ದು, ಆಮೇಲಿನದು ಅಮ್ಮನದ್ದು. ಮಗು ಹುಟ್ಟಿದ ಇಲ್ಲಿನ ಕನ್ನಡದ ಮನೆಗಳಲ್ಲಿ ಇದು ರೂಢಿ. ಏರ್‌ಪೋರ್ಟಿನಲ್ಲಿ ಆರು ತಿಂಗಳಿಗೆ ಮುದ್ರೆ ಒತ್ತುತ್ತಾರೆ, ಅಜ್ಜಿಯರು ಡ್ಯೂಟಿ ಬದಲಾಯಿಸಿಕೊಳ್ಳುತ್ತಾರೆ. ಡಿಸೆಂಬರ್ ಚಳಿ. ಮಗು ಮಲಗಿದ ಮೇಲೆ ಅಮ್ಮನಿಗೆ ಟಿವಿಯೇ ಗತಿ. ರಿಮೋಟ್ ಎಲ್ಲಿ ಒತ್ತಿದರೂ ಒಂದೇ ಸಿನಿಮಾ. ಹೆಸರು ಬೇರೆ, ನಟರು ಬೇರೆ, ಟೋಪಿ ಮಾತ್ರ ಅದೇ.

ಕಥೆ ಹೀಗೆ. ಹುಡುಗಿ ನ್ಯೂಯಾರ್ಕ್‌ನಲ್ಲೋ ಷಿಕಾಗೋದಲ್ಲೋ ಜಾಹೀರಾತು ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ಕಿವಿಯಿಂದ ಫೋನ್ ಇಳಿಯುವುದಿಲ್ಲ, ಆದ್ದರಿಂದ ಅವಳು ಸುಖವಾಗಿಲ್ಲ ಅಂತ ನಾವು ತಿಳಿಯಬೇಕು. ಊರಿಂದ ಕರೆ ಬರುತ್ತದೆ. ಅಪ್ಪನಿಗೆ ಕಾಲು ಉಳುಕಿದೆ, ಅಪ್ಪನ ರ‍್ಯಾಂಚ್ (ದನ ಸಾಕುವ ದೊಡ್ಡ ಜಮೀನು) ಸಾಲದಲ್ಲಿದೆ, ಬ್ಯಾಂಕಿನವರು 24ರ ರಾತ್ರಿಯವರೆಗೆ ಗಡುವು ಕೊಟ್ಟಿದ್ದಾರೆ. (ಕ್ರಿಸ್ಮಸ್ ಹಿಂದಿನ ರಾತ್ರಿ ಬಾಗಿಲು ತೆಗೆದು ಕೂತಿರುವ ಬ್ಯಾಂಕು ಇಡೀ ದೇಶಕ್ಕೆ ಇದೊಂದೇ ಇರಬೇಕು.) ಹುಡುಗಿ ಊರಿಗೆ ಬರುತ್ತಾಳೆ. ಕಾರು ಹಿಮದಲ್ಲಿ ಹೂತುಕೊಳ್ಳುತ್ತದೆ. ಕುದುರೆ ಮೇಲೆ ಒಬ್ಬ ಬರುತ್ತಾನೆ. ನೋಡಿದರೆ, ಹತ್ತು ವರ್ಷದ ಹಿಂದೆ ಇವಳು ಬಿಟ್ಟು ಹೋಗಿದ್ದ ಅದೇ ಹುಡುಗ! ಈಗ ಹೆಂಡತಿ ತೀರಿಕೊಂಡಿದ್ದಾಳೆ, ಆರು ವರ್ಷದ ಜಾಣ ಮಗಳಿದ್ದಾಳೆ, ಗಡ್ಡ ಅಳತೆಗೆ ತಕ್ಕಷ್ಟು ಬೆಳೆದಿದೆ.

ಈ ಪ್ರೇಮಕಥೆಗಳ ವ್ಯಾಪಾರದಲ್ಲಿ ಇದಕ್ಕೆಲ್ಲ ಲೇಬಲ್ ಇದೆ. ಸಣ್ಣ ಊರು, ಕೌಬಾಯ್, ಸೆಕೆಂಡ್ ಚಾನ್ಸ್, ಕ್ರಿಸ್ಮಸ್. ನಮ್ಮ ಹೋಟೆಲಿನಲ್ಲಿ ಖಾಲಿ, ಮಸಾಲೆ, ಸೆಟ್ ಅಂತ ಕೂಗಿದ ಹಾಗೆ. ನಾಲ್ಕನ್ನೂ ಒಟ್ಟಿಗೆ ಕೇಳಿದರೆ ಒಂದೇ ತಟ್ಟೆಯಲ್ಲಿ ಕೊಡುತ್ತಾರೆ. ಕಾದಂಬರಿಯಾದರೆ ರಟ್ಟಿನ ಮೇಲೆ ಹೀರೋ ಹಿಮದಲ್ಲಿ ಶರ್ಟ್ ಗುಂಡಿ ಬಿಚ್ಚಿಕೊಂಡು ನಿಂತಿರುತ್ತಾನೆ. ನೆಗಡಿ ಆಗುವುದಿಲ್ಲ.

ಅಮ್ಮ ಎರಡು ದಿನ ಸುಮ್ನೆ ನೋಡಿದರು. ಮೂರನೇ ದಿನ ಕೇಳಿದರು. "ಇವನು ಸಗಣಿ ಬಾಚೋದು ಯಾವಾಗ್ಲೋ?"

ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತಿದೆ.

"ಅಲ್ಲ ಕಣೋ, ಕೌ ಅಂದ್ರೆ ದನ ತಾನೆ? ಬೆಳಿಗ್ಗೆಯಿಂದ ನೋಡ್ತಿದೀನಿ. ಕ್ರಿಸ್ಮಸ್ ಮರ ಕಡಿದ, ಬಿಸ್ಕೆಟ್ ಮಾಡ್ದ, ಗಿಟಾರ್ ಬಾರಿಸ್ದ. ಒಂದು ದನಕ್ಕೆ ಒಂದು ಹಿಡಿ ಹುಲ್ಲು ಹಾಕ್ಲಿಲ್ಲ."

ತಿಪಟೂರು ಕಡೆಯ ಹಳ್ಳಿಯಲ್ಲಿ ನಲವತ್ತು ವರ್ಷ ಕೊಟ್ಟಿಗೆ ನೋಡಿಕೊಂಡ ಹೆಂಗಸಿನ ಪ್ರಶ್ನೆ ಇದು. ನಾನು ಕೆಲಸ ಪಕ್ಕಕ್ಕಿಟ್ಟು ನೋಡಿದೆ. ನಿಜ. ಕುದುರೆ ಇತ್ತು, ಅದೂ ಆಗ ತಾನೇ ಶಾಂಪೂ ಹಾಕಿ ತೊಳೆದದ್ದು. ದನ ಇರಲಿಲ್ಲ. ಹೀರೋನ ಬೂಟು ನಮ್ಮ ಮದುವೆ ಆಲ್ಬಮ್‌ನಲ್ಲಿರುವ ನನ್ನ ಬೂಟಿಗಿಂತ ಹೊಳೆಯುತ್ತಿತ್ತು.

"ಹಾಲು ಕರೆಯೋದಾದ್ರೂ ತೋರಿಸ್ಬಾರ್ದಾ?"

"ಅವು ಹಾಲಿನ ದನ ಅಲ್ಲಮ್ಮ."

"ಹಾಲು ಕೊಡಲ್ಲ ಅಂದ್ಮೇಲೆ ಯಾತಕ್ಕೆ ಸಾಕ್ತಾರೆ?"

ನಾನು ಟಿವಿ ಸೌಂಡ್ ಜಾಸ್ತಿ ಮಾಡಿದೆ.

ಈ ಸಿನಿಮಾಗಳ ದೊಡ್ಡ ಕಾರ್ಖಾನೆ ಹಾಲ್‌ಮಾರ್ಕ್. 1910ರಲ್ಲಿ ಕಾನ್ಸಸ್ ಸಿಟಿಯಲ್ಲಿ ಶುಭಾಶಯದ ಕಾರ್ಡ್ ಮಾರಲು ಶುರು ಮಾಡಿದ ಮನೆತನ. ಈಗ ಕಾರ್ಡಿಗೇ ಕೈಕಾಲು ಬರಿಸಿ ಓಡಾಡಲು ಬಿಟ್ಟಿದ್ದಾರೆ. ಅವರ ಚಾನೆಲ್ 2009ರಿಂದ ಕ್ರಿಸ್ಮಸ್‌ಗೆ ದಿನ ಎಣಿಸುವ ಕಾರ್ಯಕ್ರಮ ನಡೆಸುತ್ತಿದೆ. ಎಣಿಕೆ ಅಕ್ಟೋಬರಿನಲ್ಲೇ ಶುರು. ಕೆಲವು ವರ್ಷ ಒಂದೇ ಸೀಸನ್‌ಗೆ 40 ಹೊಸ ಸಿನಿಮಾ. ಒಂದೊಂದರ ಶೂಟಿಂಗ್ ಎರಡು ಮೂರು ವಾರ. ಅದೂ ಬಹಳಷ್ಟು ಕೆನಡಾದಲ್ಲಿ. ಅಲ್ಲಿ ತೆರಿಗೆ ರಿಯಾಯಿತಿ ಸಿಗುತ್ತದೆ, ಡಾಲರೂ ಅಗ್ಗ. ಡಿಸೆಂಬರಿಗೆ ಸಿನಿಮಾ ರೆಡಿ ಇರಬೇಕಲ್ಲ, ಹಾಗಾಗಿ ಎಷ್ಟೋ ಸಲ ಬೇಸಿಗೆಯಲ್ಲೇ ಶೂಟಿಂಗ್. ನಟರು ಉಣ್ಣೆ ಕೋಟು, ಮಫ್ಲರ್ ಹಾಕಿ ಬೆವರುತ್ತಾ "ಅಬ್ಬಾ ಎಂಥ ಚಳಿ" ಅನ್ನುತ್ತಾರೆ. ಹಿಮ ನೊರೆಯದ್ದು, ಕಾಗದದ್ದು. ಒಟ್ಟಾವಾ ಹತ್ತಿರ ಆಲ್ಮಾಂಟ್ ಅಂತ ಒಂದು ಪುಟ್ಟ ಊರಿದೆ. ಅದು ಎಷ್ಟು ಸಿನಿಮಾಗಳಲ್ಲಿ ಅಮೆರಿಕದ ಊರಾಗಿ ನಟಿಸಿದೆಯೋ! ಅಮೆರಿಕದ ಸಣ್ಣ ಊರಿನ ನೈಜತೆ ತೋರಿಸಬೇಕು ಅಂದರೆ ಗಡಿ ದಾಟಲೇಬೇಕು ಅಂತಾಯಿತು.

ನಿಜವಾದ ಕೌಬಾಯ್ ಡಿಸೆಂಬರಿನಲ್ಲಿ ಏನು ಮಾಡುತ್ತಾನೆ? ಮೊಂಟಾನಾದಲ್ಲಿ ಚಳಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದುಂಟು. ತೊಟ್ಟಿಯ ನೀರು ಕಲ್ಲಾಗಿರುತ್ತದೆ. ಬೆಳಗಾಗುವ ಮುಂಚೆ ಎದ್ದು ಕೊಡಲಿ ಹಿಡಿದು ಮಂಜುಗಡ್ಡೆ ಒಡೆಯಬೇಕು, ಇಲ್ಲದಿದ್ದರೆ ದನ ಬಾಯಾರಿ ಸಾಯುತ್ತವೆ. ಟ್ರಾಕ್ಟರಿನಲ್ಲಿ ಹುಲ್ಲಿನ ಉರುಳೆ ಹೇರಿಕೊಂಡು ಹೋಗಿ ಬಿಚ್ಚಿ ಹಾಕಬೇಕು. ಕ್ರಿಸ್ಮಸ್ ಅಂತ ದನ ಉಪವಾಸ ಮಾಡುವುದಿಲ್ಲ. ಮರಕ್ಕೆ ದೀಪ ಹಚ್ಚುವ ಸಮಾರಂಭಕ್ಕೆ ಮೂರು ಸಲ ಹೋಗುವಷ್ಟು ಪುರುಸೊತ್ತು ಇವನಿಗೆ ಎಲ್ಲಿಂದ ಬರಬೇಕು?

ವಯಸ್ಸಿನ ಲೆಕ್ಕವೂ ಇದೆ. 2022ರ ಸರ್ಕಾರಿ ಕೃಷಿ ಗಣತಿ ಪ್ರಕಾರ ಅಮೆರಿಕದ ರೈತನ ಸರಾಸರಿ ವಯಸ್ಸು 58.1. ನಮ್ಮ ಹೀರೋಗೆ 34. ಅಂದರೆ ನಿಜವಾದ ನಾಯಕ ಹುಡುಗಿಯ ಅಪ್ಪ, ಆ ಕಾಲು ಉಳುಕಿದವನು. ಅವನಿಗೆ ಸೆಕೆಂಡ್ ಚಾನ್ಸ್ ಇಲ್ಲ, ಬರೀ ಊರುಗೋಲು. ಇನ್ನು ದನಗಳ ಲೆಕ್ಕ. 2024ರ ಜನವರಿಯಲ್ಲಿ ಇಡೀ ದೇಶದಲ್ಲಿ ಇದ್ದದ್ದು ಸುಮಾರು 8.72 ಕೋಟಿ. 1951ರ ನಂತರ ಅಲ್ಲಿಯವರೆಗೆ ಅಷ್ಟು ಕಡಿಮೆ ಆದದ್ದೇ ಇರಲಿಲ್ಲ. ದನ ಇಳಿಯುತ್ತಿವೆ, ಟೋಪಿ ಏರುತ್ತಿವೆ.

ಆ ಟೋಪಿಯಾದರೂ ಯಾರದ್ದು? ದನ ಕಾಯುವ ಈ ಕಸುಬು ಬಂದದ್ದು ಮೆಕ್ಸಿಕೋದ ವಕೇರೋಗಳಿಂದ. ಅವರ ಭಾಷೆಯಲ್ಲಿ ವಾಕಾ ಅಂದರೆ ಹಸು. ಹಗ್ಗ, ಜೀನು, ಮಾತು ಎಲ್ಲ ಅವರಿಂದ ಕಲಿತದ್ದು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದ ನಂತರ ಟೆಕ್ಸಾಸಿನಿಂದ ಕಾನ್ಸಸ್‌ವರೆಗೆ ದನ ಹೊಡೆದುಕೊಂಡು ಹೋದವರಲ್ಲಿ ನಾಲ್ಕರಲ್ಲೊಬ್ಬ ಕರಿಯ ಅನ್ನುವುದು ಇತಿಹಾಸಕಾರರ ಅಂದಾಜು. 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಸಿಕ್ಕಿತು, 1886-87ರ ಚಳಿಗಾಲದಲ್ಲಿ ದನಗಳು ಲಕ್ಷಗಟ್ಟಲೆ ಸತ್ತವು, ಬಯಲಲ್ಲಿ ಅಲೆಯುವ ಕೌಬಾಯ್ ಕಾಲ ಅಲ್ಲಿಗೆ ಮುಗಿಯಿತು. ಎಲ್ಲ ಸೇರಿ ಇಪ್ಪತ್ತು ವರ್ಷ ಚಿಲ್ಲರೆ. ನಮ್ಮ ಧಾರಾವಾಹಿಗಳ ಪೈಕಿ ಕೆಲವು ಹೆಚ್ಚುಕಮ್ಮಿ ಅಷ್ಟು ಓಡುತ್ತವೆ.

ಸಾಲದ ವಿಷಯಕ್ಕೆ ಬರೋಣ. ಊರಿನವರೆಲ್ಲ ಸೇರಿ ಶುಂಠಿ ಬಿಸ್ಕೆಟ್ ಮಾರಿ ರ‍್ಯಾಂಚ್ ಉಳಿಸುತ್ತಾರೆ. ಸುಮ್ನೆ ಒಂದು ಲೆಕ್ಕ ಹಾಕಿದೆ. ಸಾಲ ಮೂರು ಲಕ್ಷ ಡಾಲರ್ ಅನ್ನೋಣ. ಬಿಸ್ಕೆಟ್ ಒಂದಕ್ಕೆ ಮೂರು ಡಾಲರ್. ಹಿಟ್ಟು ಬೆಲ್ಲ ಧರ್ಮಕ್ಕೆ ಬಂದರೂ ಒಂದು ಲಕ್ಷ ಬಿಸ್ಕೆಟ್ ಮಾರಬೇಕು. ಊರಲ್ಲಿ ಎರಡು ಸಾವಿರ ಜನ. ಹಸುಗೂಸು, ಹಲ್ಲಿಲ್ಲದ ಮುದುಕರು ಎಲ್ಲ ಸೇರಿ ತಲೆಗೆ ಐವತ್ತು.

"ಸಕ್ಕರೆ ಕಾಯಿಲೆ ಬರಲ್ವೇನೋ ಅಷ್ಟು ತಿಂದ್ರೆ?" ಅಂದರು ಅಮ್ಮ.

ಬಂದರೆ ಕಷ್ಟ. 2010ರಿಂದ ಈಚೆಗೆ ಅಮೆರಿಕದ ಹಳ್ಳಿಗಾಡಿನ ನೂರಕ್ಕೂ ಹೆಚ್ಚು ಆಸ್ಪತ್ರೆಗಳು ಬಾಗಿಲು ಹಾಕಿವೆ, ಇಲ್ಲವೇ ಒಳರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿವೆ. ಎಷ್ಟೋ ಕಡೆ ಹೆರಿಗೆಗೆ ಗಂಟೆಗಟ್ಟಲೆ ಕಾರು ಓಡಿಸಬೇಕು. ಸಿನಿಮಾದ ಊರಲ್ಲಿ ಆಸ್ಪತ್ರೆ ಪ್ರಶ್ನೆಯೇ ಏಳುವುದಿಲ್ಲ. ಬೇಕರಿ ಇದೆ, ಹೂವಿನ ಅಂಗಡಿ ಇದೆ, ಕ್ರಿಸ್ಮಸ್ ಅಲಂಕಾರ ಬಿಟ್ಟು ಬೇರೇನೂ ಮಾರದ ಅಂಗಡಿಯೊಂದು ವರ್ಷವಿಡೀ ನಡೆಯುತ್ತದೆ. ಉಳುಕಿದ ಕಾಲಿಗೆ ಬಿಸಿ ಕೋಕೋ.

ವಿಲನ್ ಯಾವಾಗಲೂ ರೆಸಾರ್ಟ್ ಕಟ್ಟಲು ಬಂದ ಪಟ್ಟಣದವನು. ಅವನ ಕೋಟು ಕಪ್ಪು, ಅವನಿಗೆ ಬಿಸ್ಕೆಟ್ ಸೇರುವುದಿಲ್ಲ. ಈ ದೇಶದಲ್ಲಿ ಕೊಬ್ಬಿಸಿದ ದನಗಳಲ್ಲಿ ಸುಮಾರು ಶೇ 85ರಷ್ಟನ್ನು ಕೊಳ್ಳುವುದು ನಾಲ್ಕೇ ಕಂಪನಿಗಳು. ರ‍್ಯಾಂಚಿನವರು ಬೈದುಕೊಳ್ಳುವುದು ಅವರನ್ನು. ಆದರೆ ಸಿನಿಮಾದಲ್ಲಿ ಅವರಿಗೆ ಪಾತ್ರ ಇಲ್ಲ. ದನವೇ ಇಲ್ಲದ ಕಡೆ ದನದ ರೇಟಿನ ಮಾತು ಎಲ್ಲಿಂದ ಬರುತ್ತದೆ?

ಕೊನೆಗೆ ಹುಡುಗಿ ಷಿಕಾಗೋ ಕೆಲಸಕ್ಕೆ ಫೋನಿನಲ್ಲೇ ರಾಜೀನಾಮೆ ಕೊಡುತ್ತಾಳೆ. ನನ್ನ ಎದೆ ಝಲ್ ಅಂದದ್ದು ಇಡೀ ಸಿನಿಮಾದಲ್ಲಿ ಇಲ್ಲಿ ಮಾತ್ರ. ಇಲ್ಲಿ ಹೆಚ್ಚಿನವರ ಆರೋಗ್ಯ ವಿಮೆ ಅಂಟಿಕೊಂಡಿರುವುದೇ ಕೆಲಸಕ್ಕೆ! ಅವಳು ಅಮೆರಿಕದವಳು, ಹೇಗೋ ಬದುಕಿಕೊಳ್ಳುತ್ತಾಳೆ. ನಮ್ಮಂಥ ಎಚ್-1ಬಿ ವೀಸಾದವರು ಕೆಲಸ ಬಿಟ್ಟರೆ 60 ದಿನ ಗಡುವು. ಅಷ್ಟರೊಳಗೆ ಬೇರೆ ಕಂಪನಿ ಸಿಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ನಮ್ಮ ಸೆಕೆಂಡ್ ಚಾನ್ಸಿಗೆ ಹಿಮ ಬೀಳುವುದಿಲ್ಲ, ಎಚ್‌ಆರ್‌ನವರ ಇಮೇಲ್ ಬೀಳುತ್ತದೆ.

ಹತ್ತು ವರ್ಷದ ಹಿಂದೆ ಇಬ್ಬರೂ ಬೇರೆಯಾದದ್ದು ಯಾಕೆ ಅಂತ ಕೊನೆಯ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಅವನು ಬರೆದ ಕಾಗದ ಅವಳಿಗೆ ಸೇರಿರಲಿಲ್ಲ. ಟಪಾಲು ಡಬ್ಬಿಯ ಹಿಂದೆ ಬಿದ್ದಿತ್ತಂತೆ.

"ಒಂದು ಫೋನ್ ಮಾಡಿದ್ರೆ ಮುಗೀತಿತ್ತಲ್ಲೋ," ಅಂದರು ಅಮ್ಮ. ಹೇಳಿಕೊಂಡೇ ಕಣ್ಣು ಒರೆಸಿಕೊಂಡರು. ಮುತ್ತು ಕೊಡುವಾಗ ಮಾತ್ರ ಮಗುವಿನ ಬಟ್ಟೆ ಮಡಿಸಲು ತಿರುಗಿದರು. ಆಮೇಲೆ, "ಇನ್ನೊಂದು ಹಾಕು," ಅಂದರು. ಒಟ್ಟು ಹದಿನಾಲ್ಕು ನೋಡಿದೆವು. ನಾನೂ ಕೂತೆ, ಸುಳ್ಳು ಯಾಕೆ ಹೇಳಲಿ?

ಹಬ್ಬಕ್ಕೆ ಎರಡು ದಿನ ಇರುವಾಗ ಅಮ್ಮನನ್ನು ಫೋರ್ಟ್ ವರ್ತ್‌ಗೆ ಕರೆದುಕೊಂಡು ಹೋದೆ. ನಮ್ಮಿಂದ ಒಂದು ಗಂಟೆ ದಾರಿ. ಅಲ್ಲಿ ಹಳೇ ದನದ ಸಂತೆಯ ಬೀದಿಯಲ್ಲಿ ದಿನಕ್ಕೆರಡು ಸಲ, ಬೆಳಿಗ್ಗೆ ಹನ್ನೊಂದೂವರೆಗೆ ಮತ್ತು ಸಂಜೆ ನಾಲ್ಕಕ್ಕೆ, ಉದ್ದ ಕೊಂಬಿನ ದನಗಳ ಮೆರವಣಿಗೆ ಇರುತ್ತದೆ. ಇಟ್ಟಿಗೆ ಹಾಸಿದ ರಸ್ತೆ. ಎರಡೂ ಕಡೆ ಜನ, ಎಲ್ಲರ ತಲೆ ಮೇಲೂ ಹೊಸ ಟೋಪಿ, ಕೆಲವಕ್ಕೆ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಕುದುರೆ ಮೇಲಿನವರು ನಿಧಾನ ಬಂದರು. ಹಿಂದೆ ದನಗಳು, ಕೊಂಬು ತುದಿಯಿಂದ ತುದಿಗೆ ಆಳುದ್ದ. ಎಲ್ಲರ ಫೋನು ಮೇಲೆದ್ದವು.

ಸರಿಯಾಗಿ ನಮ್ಮೆದುರಿಗೆ ಕಂದು ಬಣ್ಣದ್ದೊಂದು ನಿಂತಿತು. ಬಾಲ ಎತ್ತಿತು. ಸುತ್ತ ಇದ್ದವರೆಲ್ಲ ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಅಮ್ಮ ಒಂದು ಹೆಜ್ಜೆ ಮುಂದೆ ಹೋಗಿ ಬಗ್ಗಿ ನೋಡಿದರು. "ಮೇವು ಚೆನ್ನಾಗಿ ಹಾಕ್ತಾರೆ ಕಣೋ," ಅಂದರು.