ಸ್ಪಷ್ಟನೆ: ಡ್ರೋನ್‌ಗೆ ಕಾಣದಿದ್ದರೆ ಪ್ರಾಣಿ ಇಲ್ಲವೆಂದಲ್ಲ

ಬೆಂಗಳೂರು ಸುತ್ತಲಿನ ಕಲ್ಲುಗುಡ್ಡಗಳ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: "ಎರಡು ಹಗಲು ಡ್ರೋನ್ ಹಾರಿಸಿದರೆ ಸಾಕು, ಪ್ರಾಣಿ ಕಾಣದಿದ್ದರೆ ಅದು ಬರಡು ಜಾಗ, ಗಣಿಗೆ ಅಡ್ಡಿಯಿಲ್ಲ." ಇದು ತಪ್ಪು.

ಕಾಡುಪಾಪ ಹಗಲೆಲ್ಲ ಪೊದೆಯೊಳಗೆ ಮುದುಡಿ ಮಲಗಿರುತ್ತದೆ. ಅದನ್ನು ಹುಡುಕಲು ಕತ್ತಲಾದ ಮೇಲೆ ಕೆಂಪು ಬೆಳಕಿನ ಟಾರ್ಚ್ ಹಿಡಿದು, ನಿಧಾನವಾಗಿ ನಡೆಯುತ್ತ ಕಣ್ಣಿನ ಹೊಳಪು ನೋಡಬೇಕು. ಚಿರತೆಗೆ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಮುಂದೆ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಬೇಕು, ಅದೂ ಜೋಡಿಯಾಗಿ: ಎಡ, ಬಲ ಮಗ್ಗುಲಿನ ಚುಕ್ಕೆಗಳು ಬೇರೆಬೇರೆ, ಒಂದೇ ಬದಿಯ ಚಿತ್ರದಿಂದ ಲೆಕ್ಕ ತಪ್ಪುತ್ತದೆ. ಎದುರುಬದುರು ನೇರ ಕಟ್ಟಿದರೆ ಒಂದರ ಫ್ಲ್ಯಾಶ್ ಇನ್ನೊಂದರ ಚಿತ್ರ ಕೆಡಿಸುತ್ತದೆ, ತುಸು ಓರೆಯಾಗಿರಲಿ. ಕೊಂಬಿನ ಗೂಬೆ ಬಂಡೆಯ ಅಂಚಿನಲ್ಲಿ, ಬಿಟ್ಟುಹೋದ ಕ್ವಾರಿಯಲ್ಲೂ, ಮೊಟ್ಟೆ ಇಡುತ್ತದೆ. ಅಲ್ಲಿ ಹಿಕ್ಕೆ, ಉಗುಳಿದ ಮೂಳೆ-ಕೂದಲಿನ ಉಂಡೆ ಹುಡುಕಿ.

ದೊಡ್ಡ ಗಣಿಗಳ ಪರಿಸರ ಪರಿಣಾಮ ವರದಿಗೆ ಸಾಮಾನ್ಯವಾಗಿ ಕೇಳುವುದು ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ. ಕಪ್ಪೆಗಳು ತಪ್ಪಿಹೋಗುವುದು ಇಲ್ಲೇ. ಅಧ್ಯಯನ ಗುತ್ತಿಗೆ ಜಾಗಕ್ಕೆ ಮುಗಿಯದು, ಸುತ್ತಲಿನ 10 ಕಿ.ಮೀ. ಕೂಡ ಸೇರುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ರ (ಅತಿ ಹೆಚ್ಚಿನ ರಕ್ಷಣೆಯ ಪಟ್ಟಿ) ಪ್ರಾಣಿ ಸಿಕ್ಕರೆ ಹಣದ ಲೆಕ್ಕ ಸಹಿತ ಸಂರಕ್ಷಣಾ ಯೋಜನೆ ಬೇಕು.

ಇನ್ನು ರಾಷ್ಟ್ರೀಯ ಉದ್ಯಾನ, ವನ್ಯಧಾಮಗಳ ಒಳಗೆ ಮತ್ತು ಗಡಿಯಿಂದ 1 ಕಿ.ಮೀ.ವರೆಗೆ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2023ರ ಆದೇಶದಲ್ಲೂ ನಿಷೇಧಿಸಿದೆ. ಅಲ್ಲಿ ಸಮೀಕ್ಷೆಯ ಫಲಿತಾಂಶ ಏನೇ ಇರಲಿ, ಪ್ರಶ್ನೆಯೇ ಏಳುವುದಿಲ್ಲ.