ಹಕ್ಕಿ ನೆಟ್ಟ ಮರ

"ಹಕ್ಕಿಗಳಿಗೋಸ್ಕರ ಮರ ನೆಡ್ತೇನೆ" ಅಂದಾಗ ಕಾಸರಗೋಡಿನ ನಮ್ಮ ಬದಿಯಡ್ಕದ ಮನೆಯಲ್ಲಿ ಅತ್ತೆ ಕೇಳಿದ್ದು ಒಂದೇ: "ಅದರಲ್ಲಿ ನಮಗೆ ಎಂತ ಸಿಗ್ತದೆ?"

ಅಡಿಕೆ ತೋಟದವರ ನ್ಯಾಯವಾದ ಪ್ರಶ್ನೆ. ನಾನು ಅತ್ತಿ, ಗೋಳಿಗಳ ಮಹಿಮೆ ಶುರುಮಾಡಿದೆ. ಬೇರೆ ಮರಗಳು ಬರಿದಾಗಿರುವಾಗಲೂ ಈ ಜಾತಿಯ ಒಂದಲ್ಲ ಒಂದು ಮರದಲ್ಲಿ ಹಣ್ಣಿರುತ್ತದೆ. ಕುಟ್ರುಹಕ್ಕಿ, ಕೋಗಿಲೆ, ಹಸುರು ಪಾರಿವಾಳಗಳಿಗೆ ಅದೇ ಅನ್ನಛತ್ರ. ಕೇರಳದ ರಾಜ್ಯಪಕ್ಷಿ ದೊಡ್ಡ ಮಂಗಟ್ಟೆಗೂ ಅದೇ ಬೇಕು.

"ಅದು ಬಂದರೆ ಕಾಫಿ ಕೊಡುವಾ" ಎಂದು ಅತ್ತೆ ಒಳಗೆ ಹೋದರು.

ಗುಂಡಿ ತೋಡಲು ಒಂದಡಿ ಮಣ್ಣು ತೆಗೆದರೆ ಕೆಳಗೆಲ್ಲ ಮುರಕಲ್ಲು, ಗಟ್ಟಿ ಕೆಂಪುಕಲ್ಲು. ಪಿಕ್ಕಾಸು ಹಿಡಿದ ಕೆಲಸದ ಅಣ್ಣ ಬೆವರು ಒರೆಸಿಕೊಂಡು, "ಅಡಿಕೆಗಾದರೆ ಸರಿ ಅಕ್ಕಾ, ಕಾಗೆಗೂ ಗುಂಡಿ ತೋಡ್ಲಿಕ್ಕುಂಟಾ?" ಅಂದ. ಹಾಲಿವಾಣಕ್ಕೆ ಮಾತ್ರ ಇಷ್ಟು ರಗಳೆ ಇಲ್ಲ, ಗೆಲ್ಲು ಕಡಿದು ಊರಿದರೆ ಚಿಗುರುತ್ತದೆ. ಅದನ್ನು ಅಂಗಳದ ಬದಿಗೇ ಊರಿದೆ. ಎಲೆ ಉದುರಿಸಿ ಕೆಂಪಗೆ ಹೂ ಬಿಟ್ಟ ವರ್ಷ ಸೂರಕ್ಕಿ, ಕಾಜಾಣ, ಮೈನಾಗಳ ಜಾತ್ರೆಯೇ ನೆರೆಯಿತು. ಅದೇ ಹೊತ್ತಿಗೆ ಅಂಗಳದಲ್ಲಿ ಅಡಿಕೆ ಒಣಹಾಕುವ ಕಾಲ. ಹಕ್ಕಿಗಳು ಮೇಲೆ ಕೂತು ಏನು ಮಾಡುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಾವ ದಿನಾ ಕೊಡೆ ಹಿಡಿದು ಅಡಿಕೆ ಕೆದಕಿದರು, ಸುಡುಬಿಸಿಲಲ್ಲೂ ಅದು ಮಳೆಗಾಲದ ಕೊಡೆಯೇ.

ಪಿಕಳಾರಗಳು ಹೂವಿಗಾಗಿ ಬಂದು ಅತ್ತೆಯ ಗಾಂಧಾರಿ ಮೆಣಸು ಕಂಡವು. ಹಕ್ಕಿಗಳ ನಾಲಗೆಗೆ ಮೆಣಸಿನ ಖಾರ ತಾಗುವುದಿಲ್ಲ. ಅತ್ತೆಗೆ ತಾಗಿತು. "ಒಂದು ಚಟ್ನಿಗೂ ಇಟ್ಟಿಲ್ಲ ಈ ಹಾಳಾದವು!"

ನಾನು ಗೊಬ್ಬರ ಹಾಕಿ ಸಾಕಿದ ಅತ್ತಿಸಸಿಯನ್ನು ಬೇಲಿ ನುಗ್ಗಿದ ದನ ಬುಡಸಮೇತ ಮುಗಿಸಿತು. ಆದರೆ ಯಾವುದೋ ಹಕ್ಕಿ ಟೆರೇಸಿನ ನೀರಿನ ಟ್ಯಾಂಕಿಯ ಬುಡದ ಬಿರುಕಿನಲ್ಲಿ ಹಿಕ್ಕೆ ಹಾಕಿ ಹೋಗಿತ್ತು. ಗುಂಡಿಯಿಲ್ಲ, ಗೊಬ್ಬರವಿಲ್ಲ, ಅಲ್ಲಿಂದ ಎದ್ದು ಬಂದದ್ದು ಅಶ್ವತ್ಥ. ಬೇರು ಸಿಮೆಂಟು ಸೀಳಿ ಪೈಪಿನ ತನಕ ಇಳಿದಿದೆ. ಗೋಳಿಯೋ ಬಸರಿಯೋ ಆಗಿದ್ದರೆ ಸುಮ್ಮನೆ ಕಿತ್ತು ಬಿಸಾಡಬಹುದಿತ್ತು.

ಪೈಪ್ ರಿಪೇರಿಯವನು ಕತ್ತಿ ತೆಗೆದದ್ದೇ ತಡ, ಅತ್ತೆ ಏಣಿ ಹತ್ತಿ ಬಂದರು. "ಅಶ್ವತ್ಥ ಕಡಿಯುವುದಾ? ಮನೆಯಲ್ಲಿ ಮಕ್ಕಳು ಮರಿ ಇಲ್ವಾ?"

ಶನಿವಾರ ಬೆಳಿಗ್ಗೆ ಅವರು ಟ್ಯಾಂಕಿಗೆ ಪ್ರದಕ್ಷಿಣೆ ಬರುತ್ತಾರೆ. ಟ್ಯಾಂಕಿ ಇಡಲು ನಾವೀಗ ಬೇರೆ ಜಾಗ ಹುಡುಕುತ್ತಿದ್ದೇವೆ.